ದಣಿಯದ ಸವಾರನ ಸುಧಾರಣೆಗೆ ಬಳ್ಳಾರಿಯಿಂದೊಂದು ಮನವಿ

ಬಳ್ಳಾರಿಯ ಸೈಕಲ್ ಸವಾರರಿಗೆ ಕುಂದುಕೊರತೆಗಳಿಲ್ಲವೆಂದು ಯಾರಾದರೂ ಭಾವಿಸಿದ್ದರೆ, ಅವರು ಈಚೆಗೆ ಇಲ್ಲಿನ ಸವಾರರ ನಡುವೆ ಕುಳಿತು ಮಾತು ಕೇಳಿಲ್ಲವೆಂದೇ ಅರ್ಥ. ಕುಡತಿನಿಯ ಕಡೆಗೆ ಹೊರಟರೆ ಬೆನ್ನಿಗೇ ಬರುವ ಲಾರಿಗಳು, ಅವು ಎಬ್ಬಿಸುವ ಕೆಂಪು ಧೂಳು, ಡಾಂಬರಿನ ಅಂಚು ಎಲ್ಲಿ ಮುಗಿದು ಗುಂಡಿ ಎಲ್ಲಿ ಆರಂಭವಾಗುತ್ತದೆ ಎಂಬ ಜಿಜ್ಞಾಸೆ, ಇವೆಲ್ಲ ಹಳೆಯ ಕುಂದುಕೊರತೆಗಳು. ಇವನ್ನೇ ಹಿಡಿದು ಮಾತನಾಡುವವರನ್ನು ಈಗ ಕಾಲಕ್ಕೆ ತಕ್ಕಂತೆ ಬೆಳೆಯದವರೆಂದು ಎಣಿಸಲಾಗುತ್ತದೆ. ಉಳ್ಳವರು ಸೈಕಲ್ಲಿನ ಹಿಂದಿನ ಚಕ್ರವನ್ನು ಬಿಚ್ಚಿಟ್ಟು, ಉಳಿದದ್ದನ್ನು ಸ್ಮಾರ್ಟ್ ಟ್ರೈನರ್ ಎಂಬ ಯಂತ್ರಕ್ಕೆ ಸಿಕ್ಕಿಸಿ, ಎದುರಿಗೆ ಟಿ.ವಿ. ನಿಲ್ಲಿಸಿಕೊಂಡು, ನಿಂತಲ್ಲೇ ತುಳಿದದ್ದನ್ನು ಪರದೆಯ ಮೇಲಿನ ಸವಾರಿಯಾಗಿಸುವ ಝ್ವಿಫ್ಟ್ ತಂತ್ರಾಂಶದ ವಟೋಪಿಯಾ ಎಂಬ ಕಾಲ್ಪನಿಕ ದ್ವೀಪದಲ್ಲಿ ಸವಾರಿ ಮಾಡುತ್ತಾರೆ. ಅಲ್ಲಿ ಧೂಳಿಲ್ಲ, ಗುಂಡಿಯಿಲ್ಲ, ಬೆನ್ನಟ್ಟುವ ಬೀದಿನಾಯಿಯೂ ಇಲ್ಲ. ಆದರೂ ಅವರಿಗೆ ನೆಮ್ಮದಿಯಿಲ್ಲ, ಏಕೆಂದರೆ ಅಲ್ಲಿ ಅವರ ಮುಂದೆ ಹೋಗುವ ಯಂತ್ರ ಸವಾರ ಮರ್ಯಾದೆಯಿಂದ ನಡೆದುಕೊಳ್ಳುತ್ತಿಲ್ಲ. ಅವನನ್ನು ತಿದ್ದಬೇಕೆಂದು ಅವರೆಲ್ಲ ಸೇರಿ ಝ್ವಿಫ್ಟ್ ಕಂಪನಿಗೆ ಒಂದು ಮನವಿ ಬರೆದಿದ್ದಾರೆ.

ಈ ಯಂತ್ರ ಸವಾರರ ಪರಿಚಯ ಇಲ್ಲದವರಿಗಾಗಿ ಎರಡು ಮಾತು. 2020ರಲ್ಲಿ ಕಂಪನಿಯು ಪೇಸ್ ಪಾರ್ಟನರ್ ಎಂಬ ಹೆಸರಿನಲ್ಲಿ, ಕಂಪ್ಯೂಟರೇ ನಡೆಸುವ ಈ ಪರದೆಯ ಸವಾರರನ್ನು ರಸ್ತೆಗಿಳಿಸಿತು. ಈಗ ಇವರಿಗೆ ರೋಬೊಪೇಸರ್ ಎನ್ನುತ್ತಾರೆ. ಕೊಕೊ, ಯೂಮಿ, ಮರಿಯಾ, ಬರ್ನಿ ಮುಂತಾದ ಹೆಸರುಗಳಿರುವ ಇವರು ಹಗಲಿರುಳು ತುಳಿಯುತ್ತಲೇ ಇರುತ್ತಾರೆ, ಪ್ರತಿಯೊಬ್ಬರಿಗೂ ದೇಹತೂಕದ ಕಿಲೋ ಒಂದಕ್ಕೆ ಇಷ್ಟು ವಾಟ್ ತುಳಿತದ ಶಕ್ತಿ ಎಂಬ ನಿಗದಿ ಇರುತ್ತದೆ. ಆರಂಭಿಕರಿಗೆ ಒಂದೂವರೆ ವಾಟಿನ ಆಸುಪಾಸಿನವರು ಇದ್ದಾರೆ, ಹುರಿಯಾಳುಗಳಿಗೆ ನಾಲ್ಕು ವಾಟಿನ ಸುತ್ತಮುತ್ತಲಿನವರೂ ಇದ್ದಾರೆ. ಮನುಷ್ಯರು ತಮ್ಮ ಶಕ್ತಿಗೆ ತಕ್ಕವನನ್ನು ಆರಿಸಿಕೊಂಡು ಅವನ ಹಿಂದೆ ಗುಂಪುಗೂಡಿ ಸಾಗಬೇಕು. ಹೇಳಿದ ವೇಗವನ್ನು ಹೇಳಿದಂತೆಯೇ ಕಾಯ್ದುಕೊಳ್ಳುವ, ಬೆಳಗಿನ ಐದಕ್ಕೆ ಬರುತ್ತೇನೆಂದು ಹೇಳಿ ಮುಸುಕೆಳೆದು ಮಲಗದ ಇಂಥ ಜೊತೆಗಾರ ಜಿಲ್ಲೆಯಲ್ಲಿ ಬೇರೆಲ್ಲಿ ಸಿಕ್ಕಾನು? ಆದರೆ ಮಾತಿಗೆ ತಪ್ಪದವನೊಡನೆ ಬಾಳುವುದು ಎಷ್ಟು ಕಷ್ಟವೆಂಬುದು ನಮ್ಮವರಿಗೆ ಬೇಗನೆ ತಿಳಿಯಿತು.

ಮೊದಲ ದೂರು ಏರಿಳಿತಕ್ಕೆ ಸಂಬಂಧಿಸಿದ್ದು, ಮತ್ತು ಇದರಲ್ಲಿ ನ್ಯಾಯವೂ ಇದೆಯೆಂದು ಒಪ್ಪಬೇಕು. ಸಮತಟ್ಟಿನಲ್ಲಿ ಸವಾರನ ಮುಖ್ಯ ಶತ್ರು ಗಾಳಿ, ಏರಿನಲ್ಲಿ ಅವನ ಸ್ವಂತ ತೂಕ, ಇಳಿಜಾರಿನಲ್ಲಿ ಅದೇ ತೂಕ ಅವನ ಪರಮಮಿತ್ರ. ಯಂತ್ರ ಸವಾರ ಎಲ್ಲ ಕಡೆಯೂ ಒಂದೇ ವಾಟಿನಲ್ಲಿ ತುಳಿಯುತ್ತಿದ್ದ ಕಾಲದಲ್ಲಿ, ಏರು ಬಂದೊಡನೆ ಮನುಷ್ಯರೆಲ್ಲ ಸ್ವಭಾವಕ್ಕೆ ತಕ್ಕಂತೆ ಜೋರಾಗಿ ತುಳಿದು ಅವನನ್ನು ಹಿಂದೆ ಹಾಕುತ್ತಿದ್ದರು, ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಉಸಿರು ಬಿಡುವಾಗ ಆ ಪುಣ್ಯಾತ್ಮ ಅದೇ ವಾಟಿನಲ್ಲಿ ತುಳಿಯುತ್ತ ಎಲ್ಲರನ್ನೂ ದಾಟಿ ಮಾಯವಾಗುತ್ತಿದ್ದ. ಗುಂಪು ಚೂರುಚೂರಾಗುತ್ತಿತ್ತು. ಜಗತ್ತಿನಾದ್ಯಂತ ಸವಾರರು ದೂರಿದ ಮೇಲೆ, ಏರಿನಲ್ಲಿ ತುಸು ಹೆಚ್ಚು, ಇಳಿಜಾರಿನಲ್ಲಿ ತುಸು ಕಡಿಮೆ ಶಕ್ತಿ ಹಾಕುವುದನ್ನು ಯಂತ್ರಕ್ಕೆ ಕಲಿಸಲಾಯಿತು. ಕಂಪನಿಯೊಂದು ದೂರು ಓದಿ ತಿದ್ದುಪಡಿ ಮಾಡಿದ ಈ ಘಟನೆಯಿಂದ ನಮ್ಮವರಿಗೆ ಎಂಥ ಉತ್ಸಾಹ ಬಂದಿತೆಂದರೆ, ಅಂದಿನಿಂದ ಅವರು ಅರ್ಜಿ ಬರೆಯುವುದನ್ನು ನಿಲ್ಲಿಸಿಯೇ ಇಲ್ಲ.

ಏರು ಏರಿನಂತೆಯೇ ಇರಬೇಕು, ಯಂತ್ರ ಸವಾರ ಅಲ್ಲಿ ಮನುಷ್ಯನಂತೆಯೇ ಏದುಸಿರು ಬಿಡಬೇಕು ಎಂಬುದು ಅವರ ಹೊಸ ಹಠ. ಇಷ್ಟು ವಾಸ್ತವವಾದಿಗಳಾದ ಇವರ ಸೆಟ್ಟಿಂಗ್ಸ್ ಪುಟವನ್ನು ಒಮ್ಮೆ ತೆರೆದು ನೋಡಬೇಕು. ಟ್ರೈನರಿನ ಕಾಠಿಣ್ಯವನ್ನು ಕಂಪನಿಯೇ ಶೇಕಡಾ 50ಕ್ಕೆ ಇಟ್ಟು ಕೊಡುತ್ತದೆ, ಅಂದರೆ ಪರದೆಯ ಮೇಲೆ ಶೇಕಡಾ 8ರ ಏರು ಕಂಡರೂ ಪೆಡಲಿನಲ್ಲಿ ತಾಕುವುದು ಅದರ ಅರ್ಧ. ನಮ್ಮವರು ಅದನ್ನೂ ಸರಿಸುತ್ತ ಸೊನ್ನೆಯ ನೆರೆಗೆ ತಂದಿದ್ದಾರೆ. ಆಲ್ಪ್ಸ್ ಪರ್ವತದ 21 ತಿರುವುಗಳ ಪ್ರಖ್ಯಾತ ಹಾದಿಯನ್ನು ಅನುಕರಿಸಿದ ಆಲ್ಪ್ ಡು ಝ್ವಿಫ್ಟನ್ನು ಅವರು ಬಳ್ಳಾರಿಯ ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಿನಷ್ಟೇ ಸಮತಟ್ಟಾಗಿ ತುಳಿದು ಮುಗಿಸಿ, ಮೇಲೇರಿದ ಪಟವನ್ನು ಬಂಧುಗಳಿಗೆ ಕಳಿಸುತ್ತಾರೆ. ವಾಸ್ತವಿಕತೆ ಯಂತ್ರಕ್ಕೆ ಕಡ್ಡಾಯ, ಮನುಷ್ಯರಿಗೆ ಐಚ್ಛಿಕ.

ತೂಕದ ವಿಷಯಕ್ಕೆ ಬಂದರೆ ಬಳ್ಳಾರಿಯ ಕೊಡುಗೆ ಇನ್ನೂ ದೊಡ್ಡದು. ಝ್ವಿಫ್ಟ್‌ನಲ್ಲಿ ನಮ್ಮ ತೂಕವನ್ನು ನಾವೇ ಬರೆದುಕೊಳ್ಳಬೇಕು, ತಕ್ಕಡಿಯ ಮೇಲೆ ಯಾರೂ ನಿಲ್ಲಿಸುವುದಿಲ್ಲ. ಕಿಲೋಗೆ ಎರಡೂವರೆ ವಾಟಿನ ಯಂತ್ರ ಸವಾರನ ಜೊತೆ ಏರು ಹತ್ತಲು 78 ಕಿಲೋದ ಗೃಹಸ್ಥ 195 ವಾಟ್ ತುಳಿಯಬೇಕು. ಅವನು 68 ಕಿಲೋ ಎಂದು ಬರೆದುಕೊಂಡರೆ 170 ವಾಟ್ ಸಾಕು. ಹತ್ತು ಕಿಲೋದ ಸುಳ್ಳಿಗೆ ಇಪ್ಪತ್ತೈದು ವಾಟಿನ ಲಾಭ. ತೂಕವನ್ನು ಕಡಿಮೆ ಬರೆಸುವ ವಿದ್ಯೆ ಈ ಮಣ್ಣಿಗೆ ಹೊಸದಲ್ಲವಷ್ಟೆ. 2011ರ ಜುಲೈನಲ್ಲಿ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿಯಲ್ಲಿ, ಮಿತಿಮೀರಿ ಅದಿರು ಹೇರಿಕೊಂಡು ಓಡಿದ ಲಾರಿಗಳ ಪ್ರಸ್ತಾಪವೂ ಇತ್ತು, ಆ ವರದಿಯ ಬೆನ್ನಿಗೇ ಒಬ್ಬ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಹತ್ತು ಕಿಲೋ ಬಚ್ಚಿಟ್ಟ ಸವಾರನಿಗೆ ಅಂಥ ಭಯವಿಲ್ಲ. ಇಡೀ ಗುಂಪಿನಲ್ಲಿ ತನ್ನ ತೂಕದ ಬಗ್ಗೆ ಸುಳ್ಳು ಹೇಳದಿರುವವನು ಯಂತ್ರ ಸವಾರ ಒಬ್ಬನೇ ಆದುದರಿಂದ, ಅವನಿಂದಲೇ ಗುಂಪಿನ ಸಮತೋಲನ ಕೆಡುತ್ತಿದೆ ಎಂಬುದು ಮನವಿಯ ವಾದ. ಮದುವೆಗಳ ಕಾಲದಲ್ಲಿ ಅವನೂ ನಾಲ್ಕು ಕಿಲೋ ಹೆಚ್ಚಿಸಿಕೊಳ್ಳಬೇಕು, ಹೆಚ್ಚಿಸಿಕೊಂಡದ್ದನ್ನು ಬಚ್ಚಿಡಬೇಕು.

ಇನ್ನು ಸಹವಾಸದ ಪ್ರಶ್ನೆ. ಹೊರಗಿನ ರಸ್ತೆಯಲ್ಲಿ ಮುಂದಿರುವವನಿಗೆ ಒಂದು ಧರ್ಮವಿತ್ತು: ಅವನು ಸಂಗನಕಲ್ಲಿನ ಗುಡ್ಡ ಕಾಣುವಷ್ಟರಲ್ಲಿ ಒಮ್ಮೆ ಹಿಂದಿರುಗಿ ನೋಡುತ್ತಿದ್ದ, ಯಾರದೋ ಚೈನು ಕಳಚಿದರೆ ನಿಲ್ಲುತ್ತಿದ್ದ, ಒಗ್ಗರಣಿ-ಮಿರ್ಚಿಯ ಅಂಗಡಿಯ ಮುಂದೆ ಎಲ್ಲರೂ ಬಂದು ಸೇರುವವರೆಗೆ ಎರಡನೇ ಚಹಾ ಕುಡಿಯುತ್ತಿದ್ದ, ಕೊನೆಯವನು ಬಂದಾಗ "ಸಾವಕಾಶ ಬಾರೋ ತಮ್ಮಾ, ಅವಸರ ಏನೈತಿ" ಎನ್ನುತ್ತಿದ್ದ. ಯಂತ್ರ ಸವಾರನಿಗೆ ಕೊನೆಯವನೆಂಬವನೇ ಇಲ್ಲ. ಅವನು ಹಿಂದಿರುಗಿ ನೋಡುವುದಿಲ್ಲ, ನಿಲ್ಲುವುದಿಲ್ಲ, ಮಿರ್ಚಿ ತಿನ್ನುವುದಿಲ್ಲ. ಆದುದರಿಂದ ಹಿಂದುಳಿದವರಿಗಾಗಿ ಕಾಯುವ, ಅಗತ್ಯ ಬಿದ್ದರೆ ಪಂಕ್ಚರಾದಂತೆ ನಟಿಸುವ ಗುಣವನ್ನು ಅವನಲ್ಲಿ ಅಳವಡಿಸಬೇಕೆಂದು ಕೇಳಲಾಗಿದೆ. ಸ್ನೇಹಿತರು ಗೊತ್ತುಮಾಡಿಕೊಳ್ಳುವ ಸವಾರಿಗಳಲ್ಲಿ ಯಾರು ಎಷ್ಟೇ ತುಳಿದರೂ ಎಲ್ಲರನ್ನೂ ಒಟ್ಟಿಗೇ ಹಿಡಿದಿಡುವ ಸೌಲಭ್ಯವನ್ನು ಕಂಪನಿ ಮೊದಲೇ ಕೊಟ್ಟಿದೆ. ಆದರೆ ದುಡಿದವನೂ ದುಡಿಯದವನೂ ಒಂದೇ ಹೊತ್ತಿಗೆ ತಲುಪುವ ಆ ವ್ಯವಸ್ಥೆಯನ್ನು ಕಚೇರಿಯಲ್ಲಿ ದಿನವೂ ನೋಡುವುದರಿಂದ, ಬೆಳಗಿನ ಹೊತ್ತಿಗೆ ಬೇರೇನಾದರೂ ಇರಲಿ ಎಂಬುದು ಸರ್ಕಾರಿ ನೌಕರಿಯಲ್ಲಿರುವ ಸವಾರರ ಅಭಿಪ್ರಾಯ.

ಯಂತ್ರ ಸವಾರನ ಹಿಂದೆಯೇ ಏಕೆ ಅಂಟಿಕೊಂಡಿರಬೇಕೆಂದು ನೀವು ಕೇಳಬಹುದು. ಅವನ ಸಮೀಪದಲ್ಲಿ ಇದ್ದಷ್ಟು ಹೊತ್ತೂ ಡ್ರಾಪ್ಸ್ ಎಂಬ ಬೆವರ ಹನಿಗಳು ಗುಣಾಕಾರದಲ್ಲಿ ಜಮೆಯಾಗುತ್ತವೆ, ಅಗಲಿದರೆ ಗುಣಾಕಾರ ಕೆಳಗಿಳಿಯುತ್ತದೆ. ಆ ಹನಿಗಳಿಂದ ಪರದೆಯೊಳಗಿನ ಅಂಗಡಿಯಲ್ಲಿ ಪರದೆಯೊಳಗಿನ ಸೈಕಲ್ ಕೊಳ್ಳಬಹುದು. ಗುಂಪು ದೊಡ್ಡದಾದಾಗ ಹಿಂದಿನವರು ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಅದೇ ಶಕ್ತಿಯಲ್ಲಿ ಹೆಚ್ಚು ವೇಗ ಪಡೆದು ಯಂತ್ರವನ್ನೇ ದಾಟಿ ಹೋಗುತ್ತಾರೆ, ಹೋದವರು ಹನಿಯ ಆಸೆಗೆ ಮತ್ತೆ ಹಿಂದೆ ಸರಿಯುತ್ತಾರೆ, ಹೀಗೆ ಗುಂಪಿನ ಮೂತಿ ಸದಾ ಕದಡುತ್ತಿರುತ್ತದೆ. ಇದನ್ನು ಸರಿಪಡಿಸಬೇಕೆಂಬ ಬೇಡಿಕೆಗೆ ನನ್ನ ಪೂರ್ಣ ಬೆಂಬಲವಿದೆ. ಬೆವರಿನ ಲೆಕ್ಕ ಆ ಕ್ಷಣದಲ್ಲೇ ಖಾತೆಗೆ ಬೀಳುವ, ಆಧಾರ್ ಜೋಡಣೆ ಕೇಳದ, ಕೂಲಿಕೆಲಸದ ಮೇಲ್ವಿಚಾರಕ ಮೇಟಿಗೆ ಏನೂ ಕೊಡಬೇಕಾಗಿಲ್ಲದ ಏಕೈಕ ಊರು ವಟೋಪಿಯಾ ಆಗಿರುವಾಗ, ಅಲ್ಲಿನ ಪಾವತಿಯಲ್ಲಿ ಲೋಪವಾಗಬಾರದು. ಉದ್ಯೋಗ ಖಾತ್ರಿಯ ಕೂಲಿಗೆ ತಿಂಗಳುಗಟ್ಟಲೆ ಕಾಯುವ ಪಕ್ಕದ ಹಳ್ಳಿಯವರು ಈ ದ್ವೀಪಕ್ಕೆ ವಲಸೆ ಹೋಗದಿರುವುದಕ್ಕೆ ಕಾರಣ, ಪ್ರವೇಶಕ್ಕೆ ತಿಂಗಳಿಗೆ ಸುಮಾರು 20 ಡಾಲರ್ ಶುಲ್ಕವಿರುವುದು ಮಾತ್ರ.

ಮನವಿಯ ಅತ್ಯಂತ ವಿದ್ವತ್ಪೂರ್ಣ ಭಾಗ ತಾಪಮಾನದ್ದು. ಮೇ ತಿಂಗಳಲ್ಲಿ ನಮ್ಮಲ್ಲೂ ರಾಯಚೂರಿನಲ್ಲೂ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಪೆಡಲಿಗೆ 150 ವಾಟ್ ಕೊಡುವ ಮನುಷ್ಯನ ದೇಹ, ಅದರ ದಕ್ಷತೆ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಯಾದುದರಿಂದ, ಸುಮಾರು 500 ವಾಟ್ ಶಾಖವನ್ನು ಹೊರಚೆಲ್ಲುತ್ತದೆ. ಹೊರಗೆ ಸವಾರಿ ಮಾಡಿದರೆ ಎದುರುಗಾಳಿ ಅದನ್ನು ಒಯ್ಯುತ್ತದೆ, ಒಳಗೆ ಅದು ಕೋಣೆಯಲ್ಲೇ ಕುಳಿತು ಸವಾರನನ್ನು ಬೇಯಿಸುತ್ತದೆ. ಆದುದರಿಂದ ಕಲ್ಯಾಣ ಕರ್ನಾಟಕದ ಸವಾರರ ಜೊತೆ ಹೊರಡುವ ಯಂತ್ರ ಸವಾರ, ಬೇಸಿಗೆಯಲ್ಲಿ ತನ್ನ ವಾಟನ್ನು ಸ್ಥಳೀಯ ತಾಪಮಾನಕ್ಕೆ ತಕ್ಕಂತೆ ಇಳಿಸಬೇಕೆಂಬ ವಾದ ನಿಜಕ್ಕೂ ವೈಜ್ಞಾನಿಕ. ಅದು ಇಳಿಯುವವರೆಗೆ ನಮ್ಮವರು ಒಂದೂವರೆ ಟನ್ನಿನ ಏ.ಸಿ. ಹಾಕಿಕೊಂಡಿದ್ದಾರೆ. ಅದು ಸುಮಾರು 1,500 ವಾಟ್ ಹೀರುತ್ತದೆ. ಹತ್ತು ಪಾಲು ವಿದ್ಯುತ್ತನ್ನು ಸುಟ್ಟು ಒಂದು ಪಾಲು ಶಕ್ತಿಯನ್ನು ಎಲ್ಲಿಗೂ ಹೋಗದ ಚಕ್ರಕ್ಕೆ ಕೊಡುವ ಈ ಸಾಹಸಕ್ಕೆ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ, ಕುಡತಿನಿಯಲ್ಲೂ ಉರಿಯುತ್ತದೆ, ಅದರ ಬೂದಿ ಹೊರಗಿನ ರಸ್ತೆಯ ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ, ಆ ಗಾಳಿಗೆ ಹೆದರಿ ಮತ್ತೊಬ್ಬ ಸವಾರ ಟ್ರೈನರ್ ಕೊಳ್ಳುತ್ತಾನೆ. ಇದಕ್ಕೆ ಪರ್ಯಾಯವೂ ಸೂಚಿತವಾಗಿದೆ: ಸವಾರರ ಶಕ್ತಿಯನ್ನೇ ಗ್ರಿಡ್ಡಿಗೆ ಕೊಡಬಹುದಂತೆ. ಶಕ್ತಿನಗರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. 150 ವಾಟಿನ ಲೆಕ್ಕದಲ್ಲಿ ಒಂದು ಕೋಟಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಿಡುವಿಲ್ಲದೆ ತುಳಿದರೆ ಸರಿದೂಗುತ್ತದೆ, ಅವರು ಏ.ಸಿ. ಹಾಕದಿದ್ದರೆ.

ಕರೆಂಟು ಹೋದಾಗಿನ ದೃಶ್ಯವನ್ನು ಬಿಟ್ಟರೆ ಮನವಿಗೆ ಅನ್ಯಾಯವಾದೀತು. ಟಿ.ವಿ.ಯೂ ಟ್ರೈನರೂ ಇನ್ವರ್ಟರಿನ ಮೇಲಿದ್ದು, ರೌಟರ್ ಮಾತ್ರ ಪಕ್ಕದ ಕೋಣೆಯ ಸಾಮಾನ್ಯ ಪ್ಲಗ್ಗಿನಲ್ಲಿರುವ ಮನೆಗಳಲ್ಲಿ, ಕರೆಂಟು ಹೋದ ಕೂಡಲೇ ದ್ವೀಪದ ಜನಸಂಖ್ಯೆ ಒಮ್ಮೆಗೇ ಸೊನ್ನೆಯಾಗುತ್ತದೆ. ರಸ್ತೆ ಇದೆ, ಸಮುದ್ರ ಇದೆ, ಸವಾರ ಇದ್ದಾನೆ, ಉಳಿದ ಒಂದು ನರಪಿಳ್ಳೆಯೂ ಇಲ್ಲ. ಕೊಕೊ ಕಾಣೆ. ಕರೆಂಟು ಬಂದಾಗ ಅವಳು ಬಹಳ ಮುಂದೆ ಹೋಗಿರುತ್ತಾಳೆ, ಗುಣಾಕಾರ ಕುಸಿದಿರುತ್ತದೆ. ವಿದ್ಯುತ್ ಕಂಪನಿಯವರಿಗೆ ದೂರು ಕೊಟ್ಟರೆ ಪ್ರಯೋಜನವಿಲ್ಲವೆಂದು ಎಲ್ಲರೂ ಬಲ್ಲರು. ಆದುದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನು ಯಂತ್ರ ಸವಾರನ ತಲೆಯಲ್ಲೇ ಅಳವಡಿಸಿ, ಆ ಹೊತ್ತಿಗೆ ಅವನೂ ರಸ್ತೆ ಬದಿಯಲ್ಲಿ ಕುಳಿತುಕೊಳ್ಳುವಂತೆ ಮಾಡಬೇಕೆಂದು ಕೋರಲಾಗಿದೆ.

ಕರಡನ್ನು ಓದುವಾಗ ಒಬ್ಬ ಹಿರಿಯರು, ಇಷ್ಟೆಲ್ಲ ಬರೆಯುವಾಗ ಕುಡತಿನಿ ರಸ್ತೆಯ ಅಂಚಿಗೆ ಸೈಕಲ್ಲಿಗಾಗಿ ಒಂದು ಗೆರೆ ಎಳೆಯಬೇಕೆಂದು ಲೋಕೋಪಯೋಗಿಯವರಿಗೂ ಒಂದು ಪ್ರತಿ ಕಳಿಸೋಣವೇ ಎಂದು ಕೇಳಿದರಂತೆ. ವಿಷಯಾಂತರವಾಗುತ್ತದೆಂದು ಸಭೆ ಅದನ್ನು ಕೈಬಿಟ್ಟಿತು.

ಕೊನೆಯ ಬೇಡಿಕೆ ಪ್ರಾತಿನಿಧ್ಯದ್ದು. ಇಷ್ಟು ಯಂತ್ರ ಸವಾರರಲ್ಲಿ ನಮ್ಮ ಭಾಗದ ಹೆಸರಿನವನು ಒಬ್ಬನೂ ಇಲ್ಲದಿರುವುದು ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ಆಶಯಕ್ಕೆ ವಿರುದ್ಧವೆಂದು, ಕನಿಷ್ಠ ಒಬ್ಬ ಪಂಪಣ್ಣನನ್ನಾದರೂ ನೇಮಿಸಬೇಕೆಂದು ಒಮ್ಮತದಿಂದ ತೀರ್ಮಾನವಾಗಿದೆ. ಈಗ ಉಳಿದಿರುವ ತೊಡಕು ಒಂದೇ. ಆ ವಿಧಿಯ ಸೌಲಭ್ಯ ಪಡೆಯಲು ಅಭ್ಯರ್ಥಿ ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗದವನೆಂದು ಪ್ರಮಾಣಪತ್ರ ತರಬೇಕು. ಕಂಪನಿ ಇರುವುದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ, ವಾಸ ವಟೋಪಿಯಾದಲ್ಲಿ, ಪಡಿತರ ಚೀಟಿ ಎಲ್ಲಿಯೂ ಇಲ್ಲ. ಅರ್ಜಿಯನ್ನು ನೋಡಿದ ಗುಮಾಸ್ತರು ಯಾವ ಆಶ್ಚರ್ಯವನ್ನೂ ತೋರಿಸದೆ, ಅಭ್ಯರ್ಥಿ ಎರಡು ಭಾವಚಿತ್ರಗಳೊಂದಿಗೆ ಸೋಮವಾರ ಖುದ್ದಾಗಿ ಬರಲಿ ಎಂದಿದ್ದಾರೆ.