ಸೌಂಡ್ ಮಾಡಿ ತೋರಿಸಿ

ಶಿರಸಿ ಕಡೆ ಮಳೆ ಹಿಡಿಯುವುದರೊಳಗೆ ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆದು ಮುಗಿಸಬೇಕು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಬೋರ್ಡೋ ರೆಡಿ. ರೆಡಿ ಇಲ್ಲದ್ದು ಪಂಪಿನ ಎಂಜಿನ್ ಮಾತ್ರ.

ಹಗ್ಗ ಎಳೆದರೆ ಚೆಂದಾಗಿಯೇ ಶುರುವಾಗುತ್ತದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನಾಲ್ಕಾರು ಮರ ಮುಗಿಸುವಷ್ಟರಲ್ಲಿ ಉಬ್ಬಸ ಬಂದವರ ಹಾಗೆ ಏರಿಳಿದು ನಿಂತುಬಿಡುತ್ತದೆ. ಆಸರಿಗೆ ಚಾ ಕುಡಿದು ಬಂದು ಎಳೆದರೆ ಮತ್ತೆ ಶುರು! "ಇದ್ಕೂ ಚಾ ಬೇಕ್ರಾ" ಎಂದು ಗೌಡ ಮರದ ಮೇಲಿಂದಲೇ ತೀರ್ಪು ಕೊಟ್ಟ.

ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ತಿಕ್ಕಿದ್ದಾಯಿತು. ಎಂಜಿನ್ನಿಗೆ ಏನೇ ಆಗಲಿ, ನಾವು ಮೊದಲು ಪ್ಲಗ್ ತಿಕ್ಕುತ್ತೇವೆ. ಆಮೇಲೆ ಮೆಕ್ಯಾನಿಕ್‌ಗೆ ಫೋನ್.

"ಹೆಂಗೆ ಬರ್ತದೆ ಸೌಂಡು? ಮಾಡಿ ತೋರ್ಸಿ."

ಜಗಲಿಯಲ್ಲಿ ನಿಂತು "ಡುರ್ರ್ರ್... ಡುರ್... ಡು..." ಎಂದೆ. ಆಯಿ ಒಳಗಿಂದ ಓಡಿ ಬಂದಳು. "ಎಂತ ಆತೋ ತಮಾ, ನೀರು ಬೇಕನಾ?"

ಅಲ್ಲೇ ಕೂತಿದ್ದ ಪಕ್ಕದ ಮನೆ ಭಾವ ತಾಳಮದ್ದಳೆಗೆ ಮದ್ದಳೆ ಬಾರಿಸುವವ. ಅವನಿಗೆ ನನ್ನ ಸೌಂಡು ಹಿಡಿಸಲಿಲ್ಲ. "ನೀ ಮಾಡಿದ್ದು ಟೂ ಸ್ಟ್ರೋಕು, ನಿಂದು ಫೋರ್ ಸ್ಟ್ರೋಕ್ ಎಂಜಿನ್ನು" ಎಂದು ಫೋನ್ ಕಿತ್ತುಕೊಂಡ. ಚೋಕ್ ಹಾಕಿದ್ದು ತೆಗೆಯದಿದ್ದರೆ "ಬಕ್ ಬಕ್", ಜೊತೆಗೆ ಕಪ್ಪು ಹೊಗೆ. ಒಳಗೆ ಕಬ್ಬಿಣ ಬಡಿದ "ಟಕ್ ಟಕ್" ಬಂದರೆ ಆ ಕ್ಷಣವೇ ಬಂದ್ ಮಾಡಬೇಕು. ನಮ್ಮದು "ಭೂಂ-ಭುಂಯ್, ಭೂಂ-ಭುಂಯ್". ಅಂದರೆ ಕಾರ್ಬುರೇಟರ್ ಜೆಟ್‌ನಲ್ಲಿ, ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಕಸ. ತಾಳ ಒಂಚೂರೂ ತಪ್ಪಲಿಲ್ಲ.

ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡ. "ಪೆಟ್ರೋಲ್ ಸಾಲದ ಸೌಂಡೇ, ಸರಿ. ಆದ್ರೆ ಜೆಟ್‌ನ ಕಸ ನೀವು ಚಾ ಕುಡಿದ್ರೆ ಹೋಗ್ತದಾ? ಈ ಸಲ ನಿಂತ ಕೂಡ್ಲೆ ಟ್ಯಾಂಕಿನ ಮುಚ್ಚಳ ಬಿಚ್ಚಿ, ಕಿವಿ ಕೊಡಿ."

ಬಿಚ್ಚಿದೆ. "ಸ್ಸ್ಸ್" ಎಂದು ಗಾಳಿ ಒಳಗೆ ಎಳೆದುಕೊಂಡಿತು. ಹಗ್ಗ ಎಳೆದರೆ ಚಾ ಇಲ್ಲದೆಯೇ ಶುರು.

ಮುಚ್ಚಳದಲ್ಲೊಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟೂ ಅದರಿಂದ ಗಾಳಿ ಒಳಗೆ ಹೋಗಬೇಕು. ಇಲ್ಲದಿದ್ದರೆ ಟ್ಯಾಂಕು ಪೆಟ್ರೋಲನ್ನು ಕೆಳಗೆ ಬಿಡುವುದೇ ಇಲ್ಲ. ಸುಮ್ನೆ ಬಿಟ್ಟರೆ ನಿಧಾನಕ್ಕೆ ಗಾಳಿ ಸೋರಿ ಒಳಗೆ ಹೋಗಿ ಸರಿಯಾಗುತ್ತದೆ, ಅದೇ ನಮ್ಮ ಆಸರಿ ಹೊತ್ತು. ಎಂಜಿನ್ ಅಟ್ಟದಲ್ಲಿದ್ದಾಗ ಕುಂಬಾರ ಹುಳ ಆ ತೂತಿನ ಮೇಲೆಯೇ ಮಣ್ಣು ಮೆತ್ತಿ ಮನೆ ಕಟ್ಟಿತ್ತು. ಇಡೀ ಅಟ್ಟದಲ್ಲಿ ಬೇರೆ ಜಾಗ ಇರಲಿಲ್ಲ, ಅಲ್ವಾ?

ಆಯಿಯ ಹೊಲಿಗೆ ಸೂಜಿಯಲ್ಲಿ ತೂತು ಬಿಡಿಸಿದೆ. ಎಂಜಿನ್ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರದ ತುದಿಯಿಂದ ಗೌಡನ ದನಿ ಬಂತು. "ಹೆಗಡೇರೆ, ಆ ಮಣ್ಣು ಚೂರು ಉಳಿದಿದ್ರೆ ವಾಪಸ್ ಮೆತ್ತಿ!"