ನಾನು ಗರಾಜಿನಲ್ಲಿದ್ದರೆ ಡಲ್ಲಾಸ್‌ಗೆ ಒಳ್ಳೇದು

ಜನವರಿ ಬಂತೆಂದರೆ ಡಲ್ಲಾಸ್ ಸುತ್ತಮುತ್ತ ಎಲ್ಲರೂ ಜ್ಯೋತಿಷಿಗಳಾಗಿಬಿಡುತ್ತಾರೆ. ಕಟಿಂಗ್ ಶಾಪಿನವನು, ಸ್ಕೂಲ್ ಬಸ್ ಡ್ರೈವರ್, ಹಲ್ಲಿನ ಡಾಕ್ಟರು, ಎಲ್ಲರೂ. ಡಾಕ್ಟರಂತೂ ನನ್ನ ಬಾಯಿ ಪೂರ್ತಿ ಅಗಲಿಸಿ, ಒಳಗೆ ಎರಡು ಉಪಕರಣ ಇಟ್ಟು, "ಈ ಸಲ ಸೂಪರ್ ಬೌಲ್ ನಮ್ಮದೇ, ಏನಂತೀರಿ?" ಎಂದು ಕೇಳಿದರು. ನಾನು "ಆ" ಎಂದೆ. ಅವರಿಗೆ ಅಷ್ಟು ಸಾಕಾಯಿತು.

"ಈ ಸಲ ಕಪ್ ನಮ್ದೇ" ಎಂದು ವರ್ಷಗಟ್ಟಲೆ ಕೂಗಿ ಗಂಟಲು ಪಳಗಿಸಿಕೊಂಡಿದ್ದ ಬೆಂಗಳೂರಿನವನಿಗೆ ಇದೇನೂ ಹೊಸದಲ್ಲ. ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್ ಕೊನೇ ಸಲ ಸೂಪರ್ ಬೌಲ್, ಅಂದರೆ ಆ ಆಟದ ಫೈನಲ್, ಗೆದ್ದಿದ್ದು 1996ರ ಜನವರಿಯಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಮನೆ ಸಾಲದ ಕಂತು ಕಟ್ಟುತ್ತಿದ್ದಾರೆ. ಭವಿಷ್ಯ ಮಾತ್ರ ಪ್ರತಿ ವರ್ಷ ಬಿಸಿಬಿಸಿಯಾಗಿ ಇಳಿಯುತ್ತದೆ.

ಅಮೆರಿಕನ್ ಫುಟ್‌ಬಾಲ್‌ನ ಪ್ಲೇಆಫ್ ಭವಿಷ್ಯ ಹೇಳುವುದು ಧೈರ್ಯದ ಕೆಲಸವೇ. ಬ್ಯಾಸ್ಕೆಟ್‌ಬಾಲ್‌ನಲ್ಲಾದರೆ ಏಳು ಪಂದ್ಯಗಳ ಸರಣಿ. ಒಂದು ದಿನ ಕೆಟ್ಟರೆ ಇನ್ನೊಂದು ದಿನ ಸರಿಮಾಡಿಕೊಳ್ಳಬಹುದು. ಇಲ್ಲಿ 32 ತಂಡಗಳು ತಲಾ 17 ಪಂದ್ಯ ಆಡಿ, ಮೈಕೈ ಮುರಿದುಕೊಂಡು, ಕೊನೆಗೆ 14 ಉಳಿದರೆ, ಅವುಗಳಿಗೆ ಇರುವುದು ಒಂದೇ ಪಂದ್ಯದ ಆಯಸ್ಸು. ಸೋತರೆ ಸೀದಾ ಮನೆಗೆ. ಮೇಲಿಂದ ಚೆಂಡು ಮೊಟ್ಟೆಯಾಕಾರದ್ದು. ಎತ್ತ ಪುಟಿಯುತ್ತದೋ ಚೆಂಡಿಗೇ ಗೊತ್ತಿರುವುದಿಲ್ಲ.

ಒಂದೂ ಸೋಲದೆ 18 ಗೆದ್ದು ಬಂದ ಪೇಟ್ರಿಯಟ್ಸ್ 2008ರ ಸೂಪರ್ ಬೌಲ್‌ನಲ್ಲಿ ಜಯಂಟ್ಸ್‌ಗೆ 17–14ರಲ್ಲಿ ಸೋತಿತು. 2011ರ ಜನವರಿಯಲ್ಲಿ, ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿಯಿದ್ದ ಸಿಯಾಟಲ್ ತಂಡ ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ್ನು ಮನೆಗೆ ಕಳಿಸಿತು. ನನಗೆ ಎಲ್ಲಕ್ಕಿಂತ ಇಷ್ಟ 2004ರ ಜನವರಿಯ ಕಥೆ. ಗ್ರೀನ್ ಬೇ ಊರಲ್ಲಿ ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಟಾಸ್ ಗೆದ್ದ ಸಿಯಾಟಲ್‌ನ ಮ್ಯಾಟ್ ಹ್ಯಾಸಲ್‌ಬೆಕ್, ಚೆಂಡು ನಮಗೆ ಕೊಡಿ, ನಾವೇ ಸ್ಕೋರ್ ಮಾಡ್ತೀವಿ ಎಂದು ರೆಫರಿ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಘೋಷಿಸಿದ. ಸ್ವಲ್ಪ ಹೊತ್ತಿಗೆ ಅವನು ಎಸೆದ ಚೆಂಡನ್ನು ಗ್ರೀನ್ ಬೇಯ ತಂಡ ಪ್ಯಾಕರ್ಸ್‌ನ ಆಲ್ ಹ್ಯಾರಿಸ್ ಹಾರಿಸಿಕೊಂಡು ಓಡಿ ಪಂದ್ಯ ಮುಗಿಸಿದ. ಆಡುವವನ ಬಾಯಿಗೇ ಈ ಗತಿಯಾದರೆ ನೋಡುವವರ ಪಾಡೇನು?

ನಮ್ಮ ಎದುರುಮನೆಯವನಿಗೆ ಈ ಕಥೆಗಳೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೂ 2024ರಲ್ಲಿ ಕೌಬಾಯ್ಸ್‌ಗೆ ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್ ಎಂದು ಗೊತ್ತಾದ ಕೂಡಲೇ 34–17 ಎಂದು ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ. ಅವನ ಹತ್ತಿರ ಕಾರಣಗಳೂ ಇದ್ದವು. ಡಲ್ಲಾಸ್ ಆ ಸೀಸನ್ನಿನಲ್ಲಿ ತನ್ನೂರಿನಲ್ಲಿ ಆಡಿದ ಎಂಟಕ್ಕೆ ಎಂಟೂ ಗೆದ್ದಿತ್ತು. ಪ್ಯಾಕರ್ಸ್ ತಮ್ಮ ಗುಂಪಿನ ಏಳನೇ ಮತ್ತು ಕಡೇ ಶ್ರೇಯಾಂಕದವರು. ಏಳನೇ ಶ್ರೇಯಾಂಕಕ್ಕೆ ಪ್ಲೇಆಫ್‌ನಲ್ಲಿ ಜಾಗ ಸಿಕ್ಕಿದ ಮೇಲೆ ಅಲ್ಲಿಯವರೆಗೂ ಆ ಜಾಗದಿಂದ ಒಬ್ಬರೂ ಗೆದ್ದಿರಲಿಲ್ಲ. ಇನ್ನು ಡಲ್ಲಾಸ್ ಕೋಚ್ ಮೈಕ್ ಮೆಕಾರ್ಥಿ ಮೊದಲು ಪ್ಯಾಕರ್ಸ್ ಕೋಚ್ ಆಗಿದ್ದವನೇ. "ಅವರ ಮನೆ ಗುಟ್ಟೆಲ್ಲ ನಮ್ಮವನಿಗೆ ಗೊತ್ತು" ಎಂದ. ಹಾಗಾದರೆ ನಿಮ್ಮವನ ಗುಟ್ಟು ಅವರಿಗೆ ಗೊತ್ತಿರಬಹುದಲ್ವಾ ಎಂದು ನಾನು ಸುಮ್ನೆ ಕೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಮಾತು ಹವಾಮಾನದ ಕಡೆ ತಿರುಗಿಸಿದೆ.

ಪಂದ್ಯ ಜನವರಿ 14ರ ಭಾನುವಾರ ಮಧ್ಯಾಹ್ನ. ಮಾರನೇ ದಿನ ಸಂಕ್ರಾಂತಿ. ಹೆಂಡತಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆಸಿ ಪುಟ್ಟ ಪ್ಯಾಕೆಟ್‌ಗಳನ್ನು ಕಟ್ಟಿದ್ದಳು. ಸೋಮವಾರ ಓಡಾಟವಿದೆ, ಎದುರುಮನೆಗೆ ಇವತ್ತೇ ಕೊಟ್ಟು ಬನ್ನಿ ಎಂದಳು. ಹೊರಗೆ ನೀರು ಕಲ್ಲಾಗುವ ಚಳಿ. ಓಡಿಕೊಂಡು ಹೋಗಿ ಬಾಗಿಲು ತಟ್ಟಿದೆ.

ನಾನು ಒಳಗೆ ಕಾಲಿಡುವುದಕ್ಕೂ ಪ್ಯಾಕರ್ಸ್ ಚೆಂಡನ್ನು ಡಲ್ಲಾಸ್‌ನ ಗೆರೆ ದಾಟಿಸಿ ಟಚ್‌ಡೌನ್ ಹೊಡೆಯುವುದಕ್ಕೂ ಸರಿಹೋಯಿತು. ಎಳ್ಳು ತಿಂದು ಒಳ್ಳೇ ಮಾತಾಡಬೇಕು ಎಂಬ ನಮ್ಮ ಪದ್ಧತಿಯನ್ನು ವಿವರಿಸುವಷ್ಟರಲ್ಲಿ ಡಲ್ಲಾಸ್ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಎಳ್ಳು ಬಾಯಲ್ಲಿಟ್ಟುಕೊಂಡೇ ಎದುರುಮನೆಯವನು ಟಿವಿಗೆ ಅಂದ ಮಾತು ಒಳ್ಳೇ ಮಾತಿನ ಜಾತಿಗೆ ಸೇರಿದ್ದಲ್ಲ. 14–0. ಆಮೇಲೆ 20–0. ಆಮೇಲೆ ಪ್ಯಾಕರ್ಸ್‌ನ ಡಾರ್ನೆಲ್ ಸ್ಯಾವೇಜ್ ಇನ್ನೊಂದು ಚೆಂಡು ಕಸಿದು 64 ಗಜ ಓಡಿದ. 27–0.

ಕೋಣೆಯಲ್ಲಿದ್ದ ಎಂಟು ಹತ್ತು ಜನ ಟಿವಿ ಬಿಟ್ಟು ನನ್ನನ್ನು ನೋಡಿದರು. "ನೀನು ಬರೋ ತನಕ ಸೊನ್ನೆ–ಸೊನ್ನೆ ಇತ್ತು" ಎಂದ ಎದುರುಮನೆಯವನು. ಈ ಮನುಷ್ಯ ಬ್ಯಾಂಕಿನಲ್ಲಿ ರಿಸ್ಕ್ ಲೆಕ್ಕ ಹಾಕುವ ಕೆಲಸದಲ್ಲಿದ್ದಾನೆ. ಬೆಕ್ಕು ಅಡ್ಡ ಹೋದರೆ ಎರಡು ನಿಮಿಷ ನಿಲ್ಲುತ್ತಿದ್ದ ನಮ್ಮ ಸೋದರಮಾವನನ್ನು ಸುಮ್ಮನೆ ಆಡಿಕೊಂಡೆವು.

ನನ್ನನ್ನು ಗರಾಜಿಗೆ ಕಳಿಸಿದರು. ಮರ್ಯಾದೆಯಿಂದಲೇ ಅನ್ನಿ. ಮಡಿಸುವ ಕುರ್ಚಿ, ಕಂಬಳಿ, ಒಂದು ತಟ್ಟೆ ಚಿಪ್ಸ್ ಕೊಟ್ಟರು. ಮನೆಗೆ ಹೋಗ್ತೀನಿ ಎಂದರೆ ಬೇಡ, ಬೇಕಾಗಬಹುದು ಎಂದರು. ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂತೆ. ದುರದೃಷ್ಟ ನೋಡಿ, ನಾನು ಕೂತ ಸ್ವಲ್ಪ ಹೊತ್ತಿಗೆ, ಅರ್ಧ ಆಟ ಮುಗಿಯುವ ಕೊನೇ ಕ್ಷಣದಲ್ಲಿ ಡಲ್ಲಾಸ್ ಟಚ್‌ಡೌನ್ ಹೊಡೆಯಿತು. ಒಳಗೆ ಮಹಡಿ ಹಾರುವಂಥ ಕೂಗು. ಬಾಗಿಲು ಅರ್ಧ ತೆರೆದು ಒಂದು ತಲೆ ಹೇಳಿತು: "ಅಲ್ಲೇ ಇರು. ಅಲ್ಲಾಡಬೇಡ."

ಇನ್ನು ಬಿಡುಗಡೆಯ ಮಾತೇ ಇಲ್ಲ. ಬಾತ್‌ರೂಮಿಗೆ ಬಂದಾಗ ನೋಡಿದೆ, 48–16. ಅದಕ್ಕೂ ನಾನೇ ಹೊಣೆ, ಯಾಕೆಂದರೆ ಗರಾಜು ಬಿಟ್ಟು ಬಂದಿದ್ದೆ. ವಾಪಸ್ ಹೋದ ಮೇಲೆ ಡಲ್ಲಾಸ್ ಎರಡು ಟಚ್‌ಡೌನ್ ಹೊಡೆದು 48–32ಕ್ಕೆ ಪಂದ್ಯ ಮುಗಿಸಿತು. ಏಳನೇ ಶ್ರೇಯಾಂಕದವರು ಮೊದಲ ಬಾರಿಗೆ ಪ್ಲೇಆಫ್ ಪಂದ್ಯ ಗೆದ್ದಿದ್ದರು. ಒಳಗೆ ಮಾತ್ರ ಚರ್ಚೆ ಬೇರೆಯೇ ನಡೆದಿತ್ತು. ನನ್ನನ್ನು ಶುರುವಿನಿಂದಲೇ ಗರಾಜಿಗೆ ಹಾಕಿದ್ದರೆ 34–17 ಸರಿಯಾಗಿ ಬರುತ್ತಿತ್ತಂತೆ.

ಸೋಮವಾರ ಸಂಜೆ ಸಂಕ್ರಾಂತಿಯ ಓಡಾಟ ಮುಗಿಸಿ ಬಂದರೆ ಎದುರುಮನೆಯವನು ನಮ್ಮ ಬಾಗಿಲಲ್ಲೇ ನಿಂತಿದ್ದ. ಇನ್ನೂ ಎಳ್ಳು ಬೇಕಾ ಎಂದು ಕೇಳಿದಳು ಹೆಂಡತಿ. ಬೇಡ, ಅವನಿಗೆ ಬೇಕಾಗಿದ್ದು ನಾನು. ಅವತ್ತು ರಾತ್ರಿ ಡಲ್ಲಾಸಿನವರಿಗೆ ಕಂಡರಾಗದ ಫಿಲಡೆಲ್ಫಿಯಾ ಈಗಲ್ಸ್ ಪಂದ್ಯ, ಟ್ಯಾಂಪಾ ಬೇ ಜೊತೆ. ಅವನ ಕೈಯಲ್ಲಿ ಈಗಲ್ಸ್‌ನ ಹಸಿರು ಟೋಪಿ, ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ಶತ್ರುವಿನ ಟೋಪಿಗೆ ದುಡ್ಡು ಸುರಿದಿದ್ದ ಮಹಾನುಭಾವ.

ಟೋಪಿ ಹಾಕಿಸಿ, ಟಿವಿ ಎದುರಿನ ದೊಡ್ಡ ಸೋಫಾದ ನಟ್ಟನಡುವೆ ಕೂರಿಸಿದರು. ಕಾಲಿಗೆ ಸ್ಟೂಲು. ನಾನು ಸಸ್ಯಾಹಾರಿ ಎಂದು ಚೀಸ್ ಪಿಜ್ಜಾ ಬೇರೆ ತರಿಸಿದ್ದರು. ಎದ್ದರೆ ಎಲ್ಲರಿಗೂ ಗಾಬರಿ. ಈಗಲ್ಸ್ 32–9ರಲ್ಲಿ ಸೋತಿತು. ಚಪ್ಪಾಳೆ ಬಿದ್ದಿದ್ದು ಟ್ಯಾಂಪಾ ಬೇಗಲ್ಲ, ನನಗೆ. ಹೊರಡುವಾಗ ಎದುರುಮನೆಯವನು ಹೆಗಲ ಮೇಲೆ ಕೈ ಹಾಕಿ, ಮುಂದಿನ ಜನವರಿಯಲ್ಲಿ ಊರಿಗೆ ಗೀರಿಗೆ ಹೋಗೋ ಟಿಕೆಟ್ ಮಾಡಿಸಬೇಡ ಎಂದ. ಗರಾಜಿಗೆ ಹೀಟರ್ ಹಾಕಿಸುತ್ತಾನಂತೆ.