ಚರ್ಚಿನ ಹಳೇ ರಿಜಿಸ್ಟರ್‌ಗಳನ್ನು ಮೊದಲು ಉಳಿಸಿಕೊಳ್ಳೋಣ

ಕಥೋಲಿಕ ಚರಿತ್ರೆಯ ದಾಖಲೆ ಅಂದರೆ ಸಾಕು, ಎಲ್ಲರ ಗಮನ ವ್ಯಾಟಿಕನ್ ಕಡೆ ಹೋಗುತ್ತದೆ. 2020ರ ಮಾರ್ಚಿನಲ್ಲಿ ಪೋಪ್ 12ನೇ ಪಯಸ್ ಕಾಲದ ಕಡತಗಳನ್ನು ಸಂಶೋಧಕರಿಗೆ ತೆರೆದಾಗ ದೊಡ್ಡ ಸುದ್ದಿಯಾಯಿತು. ಆಗಬೇಕಾದದ್ದೇ. ಆದರೆ ಊರಿನ ರೈತರು, ಬಡಗಿಗಳು, ಹೆರಿಗೆಯಲ್ಲೇ ತೀರಿಹೋದ ತಾಯಂದಿರು ಅಲ್ಲಿ ಎಲ್ಲಿ ಸಿಗಬೇಕು? ಅವರೆಲ್ಲ ಇರುವುದು ಆಯಾ ಊರಿನ ಚರ್ಚಿನ ರಿಜಿಸ್ಟರ್‌ಗಳಲ್ಲಿ.

ಗುಟ್ಟಾಗಿ ಒಬ್ಬಳನ್ನು ಮದುವೆಯಾಗಿ, ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಎಲ್ಲರೆದುರು ಕಟ್ಟಿಕೊಳ್ಳುವ ಗಂಡಸರಿಂದ ಹೆಣ್ಣುಮಕ್ಕಳ ಬಾಳು ಹಾಳಾಗುತ್ತಿತ್ತು. ಅದಕ್ಕೇ 1563ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ, ಮದುವೆಗಳನ್ನು ಸಾಕ್ಷಿಗಳ ಹೆಸರಿನ ಸಮೇತ ಬರೆದಿಡಬೇಕು ಎಂದು ಚರ್ಚಿನ ಗುರುಗಳಿಗೆ (ಪಾದ್ರಿಗಳಿಗೆ) ಕಡ್ಡಾಯ ಮಾಡಿತು. 1614ರ ಹೊತ್ತಿಗೆ ಸಾವಿನ ಪುಸ್ತಕ, ಮನೆಮನೆಯ ಪಟ್ಟಿ ಕೂಡ ಸೇರಿಕೊಂಡವು.

ದೀಕ್ಷಾಸ್ನಾನದ, ಅಂದರೆ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿಯ, ಒಂದು ಹಳೇ ಪುಟ ನೋಡಿ. ಲ್ಯಾಟಿನ್‌ನಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆ-ತಾಯಿ (ಗಾಡ್‌ಪೇರೆಂಟ್ಸ್), ಗುರುಗಳ ಸಹಿ. ಪಕ್ಕದ ಅಂಚಿನಲ್ಲಿ ಬೇರೆ ಶಾಯಿ, ಬೇರೆ ಕೈಬರಹ: ಇಂಥ ದಿನ, ಇಂಥ ಊರಿನಲ್ಲಿ, ಇಂಥವರ ಜೊತೆ ಮದುವೆ. 1908ರಿಂದ ಹೀಗೆ ಬರೆಯುವುದು ಎಲ್ಲ ಕಡೆ ನಿಯಮವಾಯಿತು. ಹಾಗಾಗಿ ಊರು ಬಿಟ್ಟು ಹೋದವರ ಜಾಡೂ ಹುಟ್ಟೂರಿನ ಪುಟದಲ್ಲೇ ಸಿಗುತ್ತದೆ. ಸಾವಿನ ಪುಸ್ತಕ ತಿರುವಿದರೆ ಸಾಂಕ್ರಾಮಿಕ ರೋಗ ಬಂದ ತಿಂಗಳು ಯಾವುದು ಅಂತ ಯಾರೂ ಹೇಳಬೇಕಾಗಿಲ್ಲ. ಒಂದೇ ಮನೆತನದ ಹೆಸರು ಸಾಲುಸಾಲಾಗಿ ಬರುತ್ತದೆ.

ಕಥೋಲಿಕ ಧರ್ಮಸಭೆಗೆ ಮುಜುಗರ ತರುವ ಕಾಗದವನ್ನೂ ಇಟ್ಟುಕೊಳ್ಳಲೇಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಜೆಸ್ವಿಟರು (ಕಥೋಲಿಕ ಗುರುಗಳ ಒಂದು ಸಂಘದವರು) 272 ಜನ ಗುಲಾಮರನ್ನು ಮಾರಲು ಒಪ್ಪಂದ ಮಾಡಿಕೊಂಡರು. ಚಿಕ್ಕ ಮಕ್ಕಳೂ ಆ ಪಟ್ಟಿಯಲ್ಲಿದ್ದರು. ಹೆಚ್ಚಿನವರು ಲೂಸಿಯಾನದ ತೋಟಗಳ ಪಾಲಾದರು. ಆದರೆ ಆ ಪಟ್ಟಿಯನ್ನು ಯಾರೂ ಸುಡಲಿಲ್ಲ. ಅದನ್ನೂ ಚರ್ಚಿನ ಪುಸ್ತಕಗಳನ್ನೂ ತಾಳೆ ನೋಡಿ, ಇವತ್ತು ಸಾವಿರಾರು ವಂಶಸ್ಥರು ತಮ್ಮ ಹಿರಿಯರನ್ನು ಹೆಸರಿಡಿದು ಕರೆಯುವಂತಾಗಿದೆ. ಜೆಸ್ವಿಟರದೇ ಆದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಆ ಕಡತಗಳನ್ನು ಎಲ್ಲರಿಗೂ ಕಾಣುವಂತೆ ಆನ್‌ಲೈನಿನಲ್ಲಿ ಹಾಕಿದೆ.

ಧರ್ಮಕೇಂದ್ರದ (ಊರಿನ ಚರ್ಚಿನ) ದಾಖಲೆಗಳ ಪಟ್ಟಿ ಮಾಡಿ, ಒಂದು ಪ್ರತಿಯನ್ನು ಬಿಷಪರ ಆಡಳಿತದ ಧರ್ಮಪ್ರಾಂತ್ಯಕ್ಕೂ ಕೊಡಬೇಕು ಅಂತ ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲೇ ಇದೆ. ಬರೀ ಪಟ್ಟಿ ಸಾಲದು. ಹಳೇ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಕಾಗದವನ್ನೇ ತಿನ್ನುತ್ತಾ ಹೋಗುತ್ತದೆ. ಗೆದ್ದಲು, ತೇವ ಬೇರೆ. ದಯವಿಟ್ಟು ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಡಿ. ಬದುಕಿರುವವರ ವಿವರ ಗುಟ್ಟಾಗಿಯೇ ಇರಲಿ. ನೂರು ವರ್ಷ ದಾಟಿದ ಪುಟಗಳನ್ನು ಮಾತ್ರ, ಕೇಳಿಕೊಂಡು ಬಂದವರಿಗೆ ತೋರಿಸಿ.